ಸರ್ವರ್ ನಿಲ್ಲಲು ಕಲಿತ ಬಗೆ

ದೂರದಲ್ಲಿ ಗುಡುಗು ಕೇಳಿಸಿತೆಂದರೆ ಕೇರಳದ ಎಣ್ಮಕಜೆಯ ಮನೆಗಳಲ್ಲಿ ಯಾರಾದರೊಬ್ಬರು ಎದ್ದು ಟಿವಿಯ ಪ್ಲಗ್ ಕೀಳುತ್ತಾರೆ, ಮೋಡೆಮ್‌ನ ವಯರು ಬಿಡಿಸಿಡುತ್ತಾರೆ. ಪೆರ್ಲ, ಪಡ್ರೆ, ಶೇಣಿ, ಕಾಟುಕುಕ್ಕೆ ಎಲ್ಲೆಡೆಯೂ ಇದೇ ರೂಢಿ. ಕಂಪ್ಯೂಟರಿನ ಪ್ಲಗ್ ಮಾತ್ರ ಹಾಗೆ ಕೀಳಬಾರದು, ಮೊದಲು ಶಟ್‌ಡೌನ್ ಮಾಡಬೇಕು ಎಂದು ಮಕ್ಕಳು ಹಿರಿಯರಿಗೆ ಹೇಳಿಕೊಡುತ್ತಾರೆ. ಯಾಕೆ ಎಂದರೆ, "ಇಲ್ಲದಿದ್ದರೆ ಹಾಳಾಗುತ್ತದೆ." ಈ ಉತ್ತರ ಒಂದು ಕಾಲಕ್ಕೆ ಪೂರ್ತಿ ನಿಜವಾಗಿತ್ತು. ಅದು ಈಗ ಎಷ್ಟು ನಿಜ ಎಂಬುದಕ್ಕೆ ಐವತ್ತು ವರ್ಷಗಳ ಚರಿತ್ರೆಯಿದೆ.

ಮನೆಯ ಕಂಪ್ಯೂಟರ್ ಹೇಗಾದರೂ ಇರಲಿ. ಮಗುವಿನ ಜನನ ನೋಂದಣಿ, ಮನೆ ತೆರಿಗೆ, ಸೊಸೈಟಿಯಲ್ಲಿನ ಠೇವಣಿ ಎಲ್ಲವೂ ಇಂದು ಎಲ್ಲೋ ಒಂದು ಡೇಟಾಬೇಸ್ ಸರ್ವರಿನಲ್ಲಿವೆ. 2025ರ ಏಪ್ರಿಲಿನಲ್ಲಿ ಕೇರಳದ ಗ್ರಾಮ ಪಂಚಾಯತುಗಳೂ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದ ಮೇಲೆ ಪಂಚಾಯತು ಕಚೇರಿಯ ಕಡತಕ್ಕಿಂತ ಸರ್ವರಿನ ಸಾಲುಗಳೇ ಮುಖ್ಯವಾದವು. ಇಂಥ ಸರ್ವರ್ ಹಗಲು ರಾತ್ರಿ ಓಡುತ್ತಿರುತ್ತದೆ. ಆದರೂ ಆವೃತ್ತಿ ಬದಲಿಸಲು, ಡಿಸ್ಕ್ ಬದಲಿಸಲು ಎಂದಾದರೊಮ್ಮೆ ನಿಲ್ಲಿಸಲೇಬೇಕು. ನೂರಾರು ಮಂದಿ ಅದರೊಳಗೆ ಏನೇನೋ ಬರೆಯುತ್ತಿರುವಾಗ ನಿಲ್ಲಿಸುವುದು ಹೇಗೆ?

ಉದಾಹರಣೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ತೆಗೆದುಕೊಳ್ಳುತ್ತೇನೆ. ಅದರ ಒಳಗುಟ್ಟೆಲ್ಲ ಬಯಲಲ್ಲಿದೆ, ಯಾರು ಬೇಕಾದರೂ ಓದಬಹುದು. ಕನ್ನಡಿಗರಿಗೆ ಅದರ ಋಣವೂ ಇದೆ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಕಟ್ಟಿದ ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಜಾಲಕ್ಕೆ ಬಂತು. ಅದಕ್ಕಾಗಿ ಕೈಲಾಶ್ ನಾಧ್ ಬರೆದ ತಂತ್ರಾಂಶ ನಿಂತದ್ದು ಪೋಸ್ಟ್‌ಗ್ರೆಸ್ ಮೇಲೆ. ನಾಲ್ಕು ದಶಕಗಳ ಆ ದುಡಿಮೆಯನ್ನು ಒಂದು ಪ್ರೋಗ್ರಾಮಿನ ಕೈಗೆ ಒಪ್ಪಿಸುವಾಗ, ಆ ಪ್ರೋಗ್ರಾಮು ಹೇಗೆ ನಿಲ್ಲುತ್ತದೆ ಎಂದು ಕೇಳುವ ಹಕ್ಕು ನಮಗಿದೆ.

ನಿಲ್ಲಿಸುವ ಮಾತು ಶುರುವಾಗುವುದು ಯೂನಿಕ್ಸ್‌ನಿಂದ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ಬೆಳೆದ ಈ ವ್ಯವಸ್ಥೆಯಲ್ಲಿ ಓಡುವ ಪ್ರತಿ ಪ್ರೋಗ್ರಾಮು ಒಂದು ಪ್ರೋಸೆಸ್. ಅದು ತನ್ನ ಕೆಲಸದಲ್ಲಿ ಮುಳುಗಿರುವಾಗ ಹೊರಗಿನಿಂದ ಅದಕ್ಕೆ ಮುಟ್ಟಿಸಬಹುದಾದದ್ದು ಒಂದು ಸಣ್ಣ ಸಂಖ್ಯೆ ಮಾತ್ರ, ಅದೇ ಸಿಗ್ನಲ್. ಟೆಲಿಫೋನ್ ಲೈನಿನ ಮೂಲಕ ಕೆಲಸ ಮಾಡುತ್ತಿದ್ದವರ ಲೈನ್ ಕಡಿದರೆ 1, ಅದು ಸಿಗ್‌ಹಪ್. ಕಂಟ್ರೋಲ್ ಒತ್ತಿ ಸಿ ಒತ್ತಿದರೆ 2, ಸಿಗ್‌ಇಂಟ್. 3 ಸಿಗ್‌ಕ್ವಿಟ್. "ಇನ್ನು ಮುಗಿಸು" ಎಂಬ ವಿನಂತಿ 15, ಸಿಗ್‌ಟರ್ಮ್. ಇವನ್ನೆಲ್ಲ ಪ್ರೋಸೆಸ್ ಹಿಡಿದು ತನಗೆ ಬೇಕಾದ ಅರ್ಥ ಕೊಡಬಹುದು, ಬೇಡವೆಂದರೆ ಅಲಕ್ಷಿಸಲೂಬಹುದು. 9 ಮಾತ್ರ ಹಾಗಲ್ಲ. ಸಿಗ್‌ಕಿಲ್ ಬಂದರೆ ಪ್ರೋಸೆಸ್‌ಗೆ ತಿಳಿಯುವುದೇ ಇಲ್ಲ, ವ್ಯವಸ್ಥೆಯ ತಿರುಳಾದ ಕರ್ನೆಲ್ ಅದನ್ನು ಅಲ್ಲಿಗೇ ಮುಗಿಸುತ್ತದೆ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಯೂನಿಕ್ಸ್ ಮಾದರಿಯ ಲಿನಕ್ಸ್ ಮೇಲೆ, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಟರ್ಮಿನಲ್ಲಿನಲ್ಲಿ ಪೈಥಾನ್ ಲೂಪ್ ನಿಲ್ಲದೆ ಓಡತೊಡಗಿ ಕಂಟ್ರೋಲ್-ಸಿ ಒತ್ತಿದ ಹುಡುಗಿ ಕಳಿಸಿದ್ದು ಇದೇ 2ನೇ ಸಿಗ್ನಲನ್ನು.

ಮೊದಲ ಯೂನಿಕ್ಸ್‌ನ ಸಿಗ್ನಲುಗಳಲ್ಲಿ ಒಂದು ದೊಡ್ಡ ತೂತು ಇತ್ತು. ಒಂದು ಸಿಗ್ನಲ್ ಹಿಡಿದ ಕೂಡಲೇ ಹಿಡಿಯುವ ಏರ್ಪಾಡು ರದ್ದಾಗುತ್ತಿತ್ತು, ಪ್ರೋಗ್ರಾಮು ಅದನ್ನು ಮತ್ತೆ ಹೂಡಬೇಕಿತ್ತು. ಆ ಕಣ್ಣೆವೆಯ ಸಂದಿನಲ್ಲಿ ಎರಡನೆಯ ಸಿಗ್ನಲ್ ಬಂದರೆ ಪ್ರೋಸೆಸ್ಸೇ ಸತ್ತುಹೋಗುತ್ತಿತ್ತು. 1983ರ 4.2 ಬಿಎಸ್‌ಡಿ ಎಂಬ ಯೂನಿಕ್ಸ್ ಆವೃತ್ತಿ ಅದನ್ನು ಸರಿಮಾಡಿತು, 1988ರ ಪೋಸಿಕ್ಸ್ ಮಾನದಂಡ ಎಲ್ಲ ಯೂನಿಕ್ಸುಗಳಿಗೂ ಒಂದೇ ನಿಯಮ ತಂದಿತು. ಹಣದ ಲೆಕ್ಕ ಇಡುವ ಸರ್ವರಿಗೆ ಸಿಗ್ನಲನ್ನು ನಂಬುವ ಧೈರ್ಯ ಬಂದದ್ದು ಆಮೇಲೆ.

ಹೋಗುವ ಪ್ರೋಸೆಸ್ ಹಿಂದೆ ಬಿಟ್ಟುಹೋಗುವುದೂ ಒಂದು ಸಂಖ್ಯೆಯೇ, ಎಕ್ಸಿಟ್ ಕೋಡ್. 0 ಎಂದರೆ ಎಲ್ಲ ಸರಿ, ಬೇರೆ ಯಾವ ಸಂಖ್ಯೆಯಾದರೂ ಎಡವಟ್ಟು. ಸಿಗ್ನಲಿನಿಂದ ಸತ್ತರೆ, ನಾವು ಕೊಡುವ ಆದೇಶಗಳನ್ನು ಓದುವ ಶೆಲ್ 128ಕ್ಕೆ ಸಿಗ್ನಲಿನ ಸಂಖ್ಯೆ ಕೂಡಿಸಿ ತೋರಿಸುತ್ತದೆ. ಹಾಗಾಗಿ 143 ಎಂದರೆ ಯಾರೋ ಹೇಳಿ ನಿಲ್ಲಿಸಿದ್ದಾರೆ, 137 ಎಂದರೆ ಹೇಳದೆ ಕೊಂದಿದ್ದಾರೆ. ಸರ್ವರ್ ನೋಡಿಕೊಳ್ಳುವವರು ಬೆಳಿಗ್ಗೆ ಎದ್ದು ಪರದೆಯಲ್ಲಿ 137 ಕಂಡರೆ ಮೊದಲು ಮೆಮೊರಿ ಸಾಲದಾಯಿತೇ ಎಂದು ನೋಡುತ್ತಾರೆ. ಮೆಮೊರಿ ತೀರಾ ಮುಗಿದಾಗ ಲಿನಕ್ಸ್ ಕರ್ನೆಲ್ ತಾನೇ ಒಂದು ಪ್ರೋಸೆಸ್ ಆರಿಸಿ 9 ಹೊಡೆಯುತ್ತದೆ, ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದ ಡೇಟಾಬೇಸೇ ಹಲವು ಸಲ ಅದಕ್ಕೆ ಬಲಿ.

ಈಗ ಡೇಟಾಬೇಸಿನ ಕಡೆಗೆ ಬರೋಣ. ಮೈಕಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಗ್ರೆಸ್ ಶುರುಮಾಡಿದಾಗ ಅವರ ಯೋಚನೆಯೇ ಬೇರೆ ಇತ್ತು. ಹಳೆಯ ಸಾಲನ್ನು ಅಳಿಸಿ ಬರೆಯುವುದೇ ಬೇಡ, ಹೊಸ ಸಾಲನ್ನು ಪಕ್ಕದಲ್ಲಿ ಬರೆದರಾಯಿತು. ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೇ ಆಗಬೇಕಾದ ಬದಲಾವಣೆಗಳ ಒಂದು ಕಂತು, ಮುಗಿಯುವಾಗ ಬದಲಾದ ಪುಟಗಳನ್ನೆಲ್ಲ ಡಿಸ್ಕಿಗೆ ಇಳಿಸಬೇಕು. ಮಧ್ಯೆ ಕರೆಂಟು ಹೋದರೆ ಮುಗಿಯದ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಾಕು. ನೋಡಲು ಸೊಗಸಾದ ಉಪಾಯ. ಆದರೆ ಡಿಸ್ಕಿನ ಮೂಲೆಮೂಲೆಯಲ್ಲಿರುವ ಪುಟಗಳನ್ನು ಪ್ರತಿಸಲ ಬರೆದು ಮುಗಿಸುವುದು ತುಂಬ ನಿಧಾನ. ಇಂಡೆಕ್ಸಿನ ಪುಟ ಅರ್ಧ ಬರೆದಾಗ ಯಂತ್ರ ನಿಂತರೆ ಇಂಡೆಕ್ಸ್ ಕೆಡುತ್ತಿತ್ತು. "ಹಾಳಾಗುತ್ತದೆ" ಎಂಬ ಮಾತು ನಿಜವಾಗಿದ್ದ ಕಾಲ ಅದು.

ಇನ್ನೊಂದು ದಾರಿ ಐಬಿಎಂನಲ್ಲಿ ಪಕ್ವವಾಗಿತ್ತು. ಮದ್ರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ 'ಏರೀಸ್' ಪ್ರಬಂಧ ಅದರ ದೊಡ್ಡ ದಾಖಲೆ. ಅದರ ಸಾರ ಅಡಿಕೆ ವ್ಯಾಪಾರ ಮಾಡುವವರಿಗೆ ಗೊತ್ತಿರುವಂಥದ್ದೇ. ಜನ ಸಾಲುಗಟ್ಟಿ ನಿಂತಿರುವಾಗ ಒಬ್ಬೊಬ್ಬರ ಖಾತೆಯ ಪುಟ ಹುಡುಕಿ ಬರೆಯುತ್ತ ಕೂರುವುದಿಲ್ಲ, ದಿನವಹಿಯಲ್ಲಿ ಬಂದದ್ದು ಬಂದಂತೆ ಗೀಚಿಕೊಂಡು ಖಾತೆಗೆ ಸಂಜೆ ಏರಿಸುತ್ತಾರೆ. ಖಾತೆ ಪುಸ್ತಕ ಒದ್ದೆಯಾದರೂ ದಿನವಹಿ ಇದ್ದರೆ ಲೆಕ್ಕ ಮತ್ತೆ ಕಟ್ಟಬಹುದು. ಡೇಟಾಬೇಸಿನಲ್ಲೂ ಬದಲಾವಣೆ ಮೊದಲು ಲಾಗ್ ಎಂಬ ದಿನವಹಿಗೆ ಹೋಗಿ ಡಿಸ್ಕಿನಲ್ಲಿ ಗಟ್ಟಿಯಾಗಬೇಕು, ಪುಟಗಳು ನಿಧಾನಕ್ಕೆ ಹೋದರೂ ಆದೀತು. ರಷ್ಯಾದ ವದೀಂ ಮಿಖೆಯೆವ್ ಇದನ್ನು ಪೋಸ್ಟ್‌ಗ್ರೆಸ್‌ಗೆ ಬರೆದುಕೊಟ್ಟರು. 2001ರ ಏಪ್ರಿಲಿನ 7.1 ಆವೃತ್ತಿಯಲ್ಲಿ ಅದು ಬಂತು. ಪುಟವೊಂದು 8 ಕಿಲೋಬೈಟ್. ಅರ್ಧ ಬರೆಯುವಾಗ ಕರೆಂಟು ಹೋದರೆ ಪುಟ ಹರಿದಂತೆಯೇ. ಅದಕ್ಕಾಗಿ, ಬಾಕಿ ಪುಟಗಳನ್ನೆಲ್ಲ ಡಿಸ್ಕಿಗೆ ಇಳಿಸಿ ಲಾಗಿನಲ್ಲಿ ಗುರುತು ಹಾಕುವ ಚೆಕ್‌ಪಾಯಿಂಟ್ ಪ್ರತಿಸಲ ಆದ ನಂತರ ಒಂದು ಪುಟವನ್ನು ಮೊದಲ ಸಲ ಮುಟ್ಟುವಾಗ ಇಡೀ ಪುಟದ ನಕಲೇ ಲಾಗಿಗೆ ಹೋಗುತ್ತದೆ.

ಈ ಚರಿತ್ರೆಯ ತಿರುವು ಇದೇ ಎಂದು ನನ್ನ ಎಣಿಕೆ. ಲಾಗ್ ಬಂದ ಮೇಲೆ ಸರ್ವರಿನ ಲೆಕ್ಕ ಅದು ಹೇಗೆ ನಿಲ್ಲುತ್ತದೆ ಎಂಬುದರ ಮೇಲೆ ನಿಂತಿಲ್ಲ. ಪ್ಲಗ್ ಕಿತ್ತರೂ ಒಪ್ಪಿಕೊಂಡ ಲೆಕ್ಕ ಉಳಿಯುತ್ತದೆ. ಮತ್ತೆ ಶಟ್‌ಡೌನ್ ಎಂಬ ಕ್ರಮ ಯಾಕೆ? ಒಳಗಿರುವ ಜನರಿಗಾಗಿ, ಮತ್ತೆ ಎದ್ದೇಳಲು ಬೇಕಾಗುವ ಹೊತ್ತಿಗಾಗಿ.

ಪೋಸ್ಟ್‌ಗ್ರೆಸ್‌ನಲ್ಲಿ ಪೋಸ್ಟ್‌ಮಾಸ್ಟರ್ ಎಂಬ ಯಜಮಾನ ಪ್ರೋಸೆಸ್ ಒಂದು, ಸಂಪರ್ಕಕ್ಕೆ ಬಂದ ಪ್ರತಿಯೊಬ್ಬರಿಗೂ ಅದು ಹುಟ್ಟಿಸುವ ಮರಿ ಪ್ರೋಸೆಸ್ ಒಂದೊಂದು. ಯಜಮಾನನಿಗೆ 15 ಕಳಿಸಿದರೆ 'ಸ್ಮಾರ್ಟ್' ಶಟ್‌ಡೌನ್. ಹೊಸಬರಿಗೆ ಬಾಗಿಲು ಮುಚ್ಚಿ, ಒಳಗಿದ್ದವರು ತಾವಾಗಿ ಹೋಗುವವರೆಗೆ ಕಾಯುತ್ತದೆ. 2 ಕಳಿಸಿದರೆ 'ಫಾಸ್ಟ್'. ಒಳಗಿದ್ದವರ ಅರೆಬರೆ ಟ್ರಾನ್ಸಾಕ್ಷನುಗಳನ್ನು ರದ್ದು ಮಾಡಿ, ಅವರನ್ನು ಕಳಿಸಿ, ಬಾಕಿ ಪುಟಗಳನ್ನೆಲ್ಲ ಡಿಸ್ಕಿಗೆ ಬರೆದು ಕೊನೆಯ ಚೆಕ್‌ಪಾಯಿಂಟ್ ಹಾಕುತ್ತದೆ. ನಕಲು ಸರ್ವರ್ ಇದ್ದರೆ ಲಾಗಿನ ಆ ಕೊನೆಯ ಸಾಲೂ ಅದಕ್ಕೆ ಮುಟ್ಟುವವರೆಗೆ ಕಳಿಸುವ ಪ್ರೋಸೆಸ್ ಉಳಿದಿರುತ್ತದೆ. 3 ಕಳಿಸಿದರೆ 'ಇಮ್ಮೀಡಿಯಟ್'. ಏನನ್ನೂ ಬರೆಯದೆ ಎಲ್ಲರೂ ಎದ್ದು ಹೊರಡುತ್ತಾರೆ, ಐದು ಸೆಕೆಂಡಿನಲ್ಲಿ ಹೋಗದ ಮರಿಗಳಿಗೆ 9. ಮುಂದಿನ ಸಲ ಎದ್ದಾಗ ಕೊನೆಯ ಚೆಕ್‌ಪಾಯಿಂಟಿನಿಂದ ಲಾಗ್ ಓದಿಕೊಂಡು ಲೆಕ್ಕ ಸರಿಪಡಿಸುವ ಕೆಲಸ ಇರುತ್ತದೆ. ಅದೇ ಸಂಖ್ಯೆಗಳು ಮರಿಗಳಿಗೆ ಬೇರೆ ಅರ್ಥ ಕೊಡುತ್ತವೆ. ಮರಿಗೆ 2 ಬಂದರೆ ಓಡುತ್ತಿರುವ ಪ್ರಶ್ನೆಯನ್ನಷ್ಟೇ ಕೈಬಿಡುತ್ತದೆ, 15 ಬಂದರೆ ಸಂಪರ್ಕವನ್ನೇ ಮುಗಿಸುತ್ತದೆ.

ನಿಂತ ಸರ್ವರಿನ ಮೇಲೆ 'ಪಿಜಿ ಕಂಟ್ರೋಲ್‌ಡೇಟಾ' ಎಂಬ ಆದೇಶ ಕೊಟ್ಟು ನೋಡಿದರೆ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಪರದೆಯಲ್ಲಿ ಬರುವ ಸಾಲುಗಳಲ್ಲಿ ಒಂದು ಡೇಟಾಬೇಸಿನ ಸ್ಥಿತಿ. ಕ್ರಮವಾಗಿ ನಿಂತಿದ್ದರೆ ಅಲ್ಲಿ 'ಶಟ್ ಡೌನ್' ಎಂದಿರುತ್ತದೆ. ಪ್ಲಗ್ ಕಿತ್ತಿದ್ದರೆ ಯಂತ್ರ ತಣ್ಣಗಾದ ಮೇಲೂ 'ಇನ್ ಪ್ರೊಡಕ್ಷನ್' ಎಂದೇ ಇರುತ್ತದೆ, ಓಡುತ್ತಲೇ ಇದ್ದೇನೆ ಎಂಬ ಹಾಗೆ. ಸರ್ವರ್ ಮತ್ತೆ ಎದ್ದಾಗ ಮೊದಲು ಓದುವುದು ಈ ಸಾಲನ್ನೇ. ಕೊನೆಯ ಸಲ ಸರಿಯಾಗಿ ನಿಲ್ಲಲಿಲ್ಲ ಎಂದು ತಾನೇ ತಿಳಿದುಕೊಂಡು ಲಾಗ್ ಬಿಚ್ಚುತ್ತದೆ.

ಮೂರು ವಿಧಾನಗಳಲ್ಲಿ ಹಲವು ವರ್ಷ ಮೂಲ ಆಯ್ಕೆಯಾಗಿದ್ದದ್ದು ಸ್ಮಾರ್ಟ್. ಸಜ್ಜನಿಕೆಯ ಆಯ್ಕೆ. ಒಬ್ಬೊಬ್ಬ ಮನುಷ್ಯ ಟರ್ಮಿನಲ್ ಮುಂದೆ ಕೂತು ಕೆಲಸ ಮುಗಿಸಿ ಎದ್ದುಹೋಗುತ್ತಿದ್ದ ದಿನಗಳಿಗೆ ಅದು ಸರಿಯಾಗಿಯೇ ಇತ್ತು. ಜಾಲತಾಣಗಳ ಕಾಲದಲ್ಲಿ ಸಂಪರ್ಕ ಹಿಡಿದಿಟ್ಟುಕೊಳ್ಳುವುದು ಮನುಷ್ಯರಲ್ಲ, ಇನ್ನೊಂದು ಸಾಫ್ಟ್‌ವೇರು. ಅದು ಹತ್ತಾರು ಸಂಪರ್ಕಗಳನ್ನು ಸದಾ ತೆರೆದಿಟ್ಟು ಸುಮ್ಮನೆ ಕೂತಿರುತ್ತದೆ. ಸ್ಮಾರ್ಟ್ ಶಟ್‌ಡೌನ್ ಕಾಯುತ್ತಲೇ ಇರುತ್ತದೆ, ಹೊಸಬರಿಗೆ ಪ್ರವೇಶವೂ ಇಲ್ಲ, ಸರ್ವರ್ ನಿಲ್ಲುವುದೂ ಇಲ್ಲ. ನಡುರಾತ್ರಿ ತಾಳ್ಮೆಗೆಟ್ಟವರು ಕೊನೆಗೆ ಹೊಡೆಯುತ್ತಿದ್ದದ್ದು 9. 2016ರ ಜನವರಿಯ 9.5 ಆವೃತ್ತಿಯಲ್ಲಿ ನಿಲ್ಲಿಸುವ ಆದೇಶದ ಮೂಲ ಆಯ್ಕೆ ಫಾಸ್ಟ್ ಆಯಿತು. ಬಿಡುಗಡೆಯ ಟಿಪ್ಪಣಿಯಲ್ಲಿ ಒಂದು ಸಾಲಿನ ಬದಲಾವಣೆ ಅದು, ಆದರೆ ಎಷ್ಟೋ ಜನರ ರಾತ್ರಿಯ ನಿದ್ದೆ ಉಳಿಸಿದ ಸಾಲು.

9 ಹೊಡೆಯುವುದರಲ್ಲಿ ಅಂಥ ತಪ್ಪೇನು, ಲಾಗ್ ಇದೆಯಲ್ಲ ಎಂದು ಕೇಳಬಹುದು. ಮರಿಗಳೆಲ್ಲ ಒಂದೇ ಹಂಚಿಕೆಯ ಮೆಮೊರಿಯಲ್ಲಿ ಕೆಲಸ ಮಾಡುತ್ತವೆ. ಒಂದು ಮರಿ 0 ಅಥವಾ 1 ಎಕ್ಸಿಟ್ ಕೋಡ್ ಕೊಟ್ಟು ಹೋದರೆ ಯಜಮಾನನಿಗೆ ಚಿಂತೆಯಿಲ್ಲ. ಬೇರೆ ಯಾವುದೇ ಕೋಡ್ ಬಂದರೆ, ಅಥವಾ ಅದು ಸಿಗ್ನಲಿನಿಂದ ಸತ್ತರೆ, ಸಾಯುವ ಮುಂಚೆ ಆ ಮೆಮೊರಿಯನ್ನು ಕೆಡಿಸಿರಬಹುದು ಎಂದೇ ಯಜಮಾನ ತಿಳಿಯುತ್ತಾನೆ. ಆಗ ಉಳಿದ ಎಲ್ಲ ಮರಿಗಳಿಗೂ 3 ಕಳಿಸಿ, ಮೆಮೊರಿಯನ್ನು ಹೊಸದಾಗಿ ಕಟ್ಟಿ, ಲಾಗಿನಿಂದ ಮೇಲೇಳುತ್ತಾನೆ. ಒಬ್ಬರ ಹಠಮಾರಿ ಪ್ರಶ್ನೆಯನ್ನು ನಿಲ್ಲಿಸಲು ಒಂದು ಮರಿಗೆ 9 ಹೊಡೆದರೆ ಇಡೀ ಊರಿನ ಸಂಪರ್ಕ ಕಡಿಯುವುದು ಹೀಗೆ. ಈ ಅನುಮಾನ ಅತಿಯಾಯಿತೆಂದು ನನಗೆ ಅನ್ನಿಸುವುದಿಲ್ಲ. ಕೆಟ್ಟ ಮೆಮೊರಿಯಿಂದ ಒಂದು ತಪ್ಪು ಪುಟ ಡಿಸ್ಕಿಗೆ ಹೋಗುವುದಕ್ಕಿಂತ ಎಲ್ಲರೂ ಒಂದು ನಿಮಿಷ ಕಾಯುವುದು ಲೇಸು.

ಯಜಮಾನನಿಗೇ 9 ಹೊಡೆದರೆ ಇನ್ನೂ ಕಷ್ಟ. ಡೇಟಾ ಕಡತಗಳ ಜೊತೆಗೆ 'ಪೋಸ್ಟ್‌ಮಾಸ್ಟರ್ ಡಾಟ್ ಪಿಐಡಿ' ಎಂಬ ಪುಟ್ಟ ಕಡತ ಇರುತ್ತದೆ. ಮೊದಲ ಸಾಲಿನಲ್ಲಿ ಯಜಮಾನನ ಪ್ರೋಸೆಸ್ ಸಂಖ್ಯೆ, ಎರಡನೆಯದರಲ್ಲಿ ಡೇಟಾ ಇರುವ ಜಾಗ, ಮೂರನೆಯದರಲ್ಲಿ ಶುರುವಾದ ಹೊತ್ತು. ಒಂದೇ ಡೇಟಾದ ಮೇಲೆ ಇಬ್ಬರು ಯಜಮಾನರು ಕೂರದಂತೆ ಕಾಯುವುದು ಈ ಕಡತ. ಯಜಮಾನ ಹಠಾತ್ತನೆ ಸತ್ತಾಗ ಅದು ಅಲ್ಲೇ ಉಳಿಯುತ್ತದೆ, ಒಂದೆರಡು ಮರಿಗಳೂ ಬದುಕಿ ಉಳಿದಿರಬಹುದು. ಅದನ್ನು ಕೈಯಾರೆ ಅಳಿಸಿ ಹೊಸ ಸರ್ವರ್ ಎಬ್ಬಿಸುವ 'ಪರಿಹಾರ'ವನ್ನು ಅಲ್ಲಲ್ಲಿ ಹೇಳಿಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ ಮರಿಯೂ ಹೊಸ ಸರ್ವರೂ ಒಂದೇ ಪುಟದಲ್ಲಿ ಬರೆಯತೊಡಗಿದರೆ ಯಾವ ಲಾಗೂ ಕಾಪಾಡದು.

2018ರಲ್ಲಿ ಲಾಗಿನ ಮೇಲಿನ ನಂಬಿಕೆಯ ಬುಡವೇ ಅಲುಗಿತು. ಡಿಸ್ಕಿಗೆ ಗಟ್ಟಿಯಾಗಿ ಇಳಿಸು ಎಂಬ ಕೋರಿಕೆ ಒಮ್ಮೆ ವಿಫಲವಾದರೆ, ಮತ್ತೆ ಕೇಳಿದಾಗ ಲಿನಕ್ಸ್ "ಆಯಿತು" ಎಂದು ಹೇಳಿಬಿಡಬಹುದು, ಬರಹ ಮಾತ್ರ ಹೋಗಿರುತ್ತದೆ ಎಂಬುದು ಪೋಸ್ಟ್‌ಗ್ರೆಸ್ ಬಳಗಕ್ಕೆ ಮನವರಿಕೆಯಾಯಿತು. 2019ರ ಫೆಬ್ರವರಿಯ ತಿದ್ದುಪಡಿಯಲ್ಲಿ ಅವರು ಆರಿಸಿದ ಉತ್ತರ, ಅಂಥ ಹೊತ್ತಿನಲ್ಲಿ ಸರ್ವರ್ ತನ್ನನ್ನು ತಾನೇ ಬೀಳಿಸಿಕೊಂಡು ಲಾಗಿನಿಂದ ಮತ್ತೆ ಏಳಬೇಕು ಎಂಬುದು. ಕೇಳಲು ಒರಟು, ಆದರೆ ಲೆಕ್ಕಕ್ಕೆ ಅದೇ ಕ್ಷೇಮ.

ಇತ್ತೀಚಿನ ಬದಲಾವಣೆ ಹೊರಗೆ ಕಾಣುವಂಥದ್ದಲ್ಲ. ಸಿಗ್ನಲ್ ಬಂದ ಕ್ಷಣದಲ್ಲಿ ಪ್ರೋಗ್ರಾಮು ಮೆಮೊರಿ ಕೇಳುತ್ತಲೋ ಬರೆಯುತ್ತಲೋ ಇರಬಹುದು. ಆ ನಡುವೆ ನುಗ್ಗಿ ದೊಡ್ಡ ಕೆಲಸ ಮಾಡಿದರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಆದರೂ ಪೋಸ್ಟ್‌ಮಾಸ್ಟರ್ ದಶಕಗಳ ಕಾಲ ಶಟ್‌ಡೌನ್ ಕೆಲಸವನ್ನು ಸಿಗ್ನಲಿನ ಒಳಗೇ, ಬಹಳ ಎಚ್ಚರದಿಂದ ಮಾಡುತ್ತ ಬಂದಿತ್ತು. 2023ರ 16ನೇ ಆವೃತ್ತಿಯಲ್ಲಿ ಅದನ್ನು ಹೊರತಂದರು. ಈಗ ಸಿಗ್ನಲ್ ಬಂದಾಗ ಒಂದು ಗುರುತು ಹಾಕಿಕೊಳ್ಳುವುದಷ್ಟೇ, ಕೆಲಸ ಮಾಮೂಲು ಸರದಿಯಲ್ಲಿ ನಡೆಯುತ್ತದೆ.

ಒಂದು ಹಳೆಯ ಬಾಕಿ ಮಾತ್ರ ಉಳಿದಿದೆ. ನಿಲ್ಲಿಸುವ ಆದೇಶ ಬದಲಾಯಿತೇ ಹೊರತು, 15ನೇ ಸಿಗ್ನಲಿನ ಅರ್ಥ ಈಗಲೂ ಸ್ಮಾರ್ಟ್. ಯಂತ್ರ ಆಫ್ ಮಾಡುವಾಗ ಲಿನಕ್ಸ್ ಎಲ್ಲರಿಗೂ ಕಳಿಸುವುದು 15. ಪ್ರೋಗ್ರಾಮನ್ನು ಕಂಟೇನರ್ ಎಂಬ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಕೂಡ ಅದನ್ನು ನಿಲ್ಲಿಸುವಾಗ ಮೊದಲು 15 ಕಳಿಸಿ, ಹತ್ತು ಸೆಕೆಂಡು ಕಾದು, 9 ಹೊಡೆಯುತ್ತದೆ. ಪೋಸ್ಟ್‌ಗ್ರೆಸ್ ಸಜ್ಜನಿಕೆಯಿಂದ ಕಾಯುತ್ತಿರುವಾಗಲೇ ಹತ್ತು ಸೆಕೆಂಡು ಮುಗಿದು ಪರದೆಯಲ್ಲಿ 137 ಮೂಡುತ್ತದೆ. ಇದಕ್ಕಾಗಿ 2020ರಲ್ಲಿ ಪೋಸ್ಟ್‌ಗ್ರೆಸ್‌ನ ಡಾಕರ್ ಇಮೇಜು ತನಗೆ 2ನೇ ಸಿಗ್ನಲನ್ನೇ ಕಳಿಸಬೇಕೆಂದು ಬರೆದಿಟ್ಟುಕೊಂಡಿತು. ಲಿನಕ್ಸಿನಲ್ಲಿ ಸರ್ವರುಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿಗೆ ಪೋಸ್ಟ್‌ಗ್ರೆಸ್ ಕೈಪಿಡಿ ಕೊಡುವ ಮಾದರಿಯಲ್ಲೂ 2 ಇದೆ, ಕಾಯುವ ಗಡುವಿಗೆ ಮಿತಿಯೇ ಇಲ್ಲ. ಒಬ್ಬೊಬ್ಬರೂ ಹೀಗೆ ಹೊರಗಿನಿಂದ ತೇಪೆ ಹಾಕಿಕೊಳ್ಳುವ ಬದಲು 15ಕ್ಕೇ ಫಾಸ್ಟ್ ಎಂಬ ಅರ್ಥ ಕೊಡುವುದು ಸರಿಯೆಂದು ನನಗೆ ತೋರುತ್ತದೆ. ಹಳೆಯ ಸ್ಕ್ರಿಪ್ಟುಗಳು ಮುರಿದಾವು ಎಂಬ ಹೆದರಿಕೆ ಸಣ್ಣದಲ್ಲ. 2016ರಲ್ಲೂ ಅದೇ ಹೆದರಿಕೆ ಇತ್ತು. 15ರ ಅರ್ಥ ಬದಲಾಗುವವರೆಗೆ ಸರ್ವರ್ ಇಟ್ಟುಕೊಂಡವರು ತಮ್ಮ ಯಂತ್ರ ಆಫ್ ಆಗುವಾಗ ಪೋಸ್ಟ್‌ಗ್ರೆಸ್‌ಗೆ ಯಾವ ಸಂಖ್ಯೆ ಹೋಗುತ್ತದೆ, ಎಷ್ಟು ಸೆಕೆಂಡು ಕಾಯುತ್ತದೆ ಎಂದು ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಿಟ್ಟುಕೊಳ್ಳಬೇಕು.