ಅತ್ತೆಯ ಕುಂಕುಮ ಕಿತ್ತಳೆಯೇಕೆ?

ಧಾರಾವಾಹಿ ಒಂದೇ. ನಮ್ಮ ಮನೆಯ ಟಿವಿಯಲ್ಲಿ ಅತ್ತೆಯ ಹಣೆಯ ಕುಂಕುಮ ಕಿತ್ತಳೆ, ಪಕ್ಕದ ಮನೆಯಲ್ಲಿ ಕಡುಗೆಂಪು. ತಪ್ಪು ಪಾತ್ರಧಾರಿಯದಲ್ಲ, ಕೇಬಲ್ಲಿನವನದೂ ಅಲ್ಲ. ಟಿವಿಗೆ ಕೆಂಪು ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ.

ಭೂತಗನ್ನಡಿ ಹಿಡಿದು ಪರದೆಯನ್ನು ನೋಡಿ. ಅರಿಶಿನದ ಹಳದಿ ಅಲ್ಲಿ ಎಲ್ಲೂ ಇಲ್ಲ. ಇರುವುದು ಕೆಂಪು, ಹಸಿರು, ನೀಲಿ ಚುಕ್ಕೆಗಳು. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿರುವ ಶಂಕುಕೋಶಗಳೂ ಮೂರೇ ಬಗೆಯವು. ಕೆಂಪು, ಹಸಿರು ಒಟ್ಟಿಗೆ ಬೆಳಗಿದರೆ ಮಿದುಳು ಹಳದಿ ಎಂದುಕೊಳ್ಳುತ್ತದೆ. ಈ ಕಣ್ಕಟ್ಟು ಚೆನ್ನಾಗಿ ನಡೆಯಬೇಕಾದರೆ ಮೂರೂ ಅಪ್ಪಟವಾಗಿರಬೇಕು.

ಹಳೆಯ ಡಬ್ಬಿ ಟಿವಿಯಲ್ಲಿ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಪುಡಿಗೆ ಎಲೆಕ್ಟ್ರಾನುಗಳು ಬಡಿದು ಬೆಳಕಾಗುತ್ತಿತ್ತು. ಮೊದಮೊದಲು ಕೆಂಪು ಪುಡಿ ತೀರಾ ಮಂಕು. ಬಿಳಿ ಬಿಳಿಯಾಗಿಯೇ ಕಾಣಬೇಕಲ್ಲ, ಹಾಗಾಗಿ ಚುರುಕಾಗಿದ್ದ ಹಸಿರು, ನೀಲಿಗಳನ್ನೂ ಕೆಂಪಿನ ಮಟ್ಟಕ್ಕೆ ತಗ್ಗಿಸಬೇಕಿತ್ತು. ಇಡೀ ಚಿತ್ರವೇ ಸಂಜೆಗತ್ತಲಲ್ಲಿ ನಡೆದಂತೆ. 1964ರಲ್ಲಿ ಅಮೆರಿಕದ ಆಲ್ಬರ್ಟ್ ಲೆವಿನ್ ಮತ್ತು ಫ್ರಾಂಕ್ ಪಲಿಲ್ಲಾ ಯುರೋಪಿಯಂ ಎಂಬ ಅಪರೂಪದ ಲೋಹ ಬೆರೆತ ಕೆಂಪು ಪುಡಿಯನ್ನು ತಂದ ಮೇಲೆ ಈ ಗೋಳು ತಪ್ಪಿತು. ನಮ್ಮಲ್ಲಿ ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ. ಮಂಕು ಕೆಂಪನ್ನು ನಾವು ನೋಡಲೇ ಇಲ್ಲ.

ನೋಡಿದ್ದು ಆಮೇಲೆ, ಎಲ್‌ಸಿಡಿ ಬಂದಾಗ. ಎಲ್‌ಸಿಡಿ ತಾನಾಗಿ ಬೆಳಗದು. ಹಿಂದಿನ ದೀಪದ ಬಿಳಿ ಬೆಳಕನ್ನು ಮೂರು ಬಣ್ಣದ ಜರಡಿಗಳಲ್ಲಿ ಸೋಸುತ್ತದೆ. (ಅಂಗಡಿಯವರು ಎಲ್‌ಇಡಿ ಟಿವಿ ಎನ್ನುವುದೂ ಇದಕ್ಕೇ. ದೀಪ ಮಾತ್ರ ಎಲ್‌ಇಡಿ.) ಜರಡಿ ಇದ್ದದ್ದನ್ನು ತಡೆದೀತು, ಇಲ್ಲದ್ದನ್ನು ಎಲ್ಲಿಂದ ತರಬೇಕು? ಸಾಧಾರಣ ಬಿಳಿ ಎಲ್‌ಇಡಿ ಎಂದರೆ ಹಳದಿ ಫಾಸ್ಫರ್ ಮೆತ್ತಿದ ನೀಲಿ ಎಲ್‌ಇಡಿ. ಅದರ ಬೆಳಕಿನಲ್ಲಿ ಕಡುಗೆಂಪಿನ ಪಾಲು ಬಹಳ ಕಡಿಮೆ. ಕುಂಕುಮ ಕಿತ್ತಳೆಯತ್ತ ವಾಲುವುದು ಇಲ್ಲೇ.

ಇದಕ್ಕೆ ಸಿಕ್ಕ ಮದ್ದು ಸೊಗಸಾಗಿದೆ: ಕ್ವಾಂಟಂ ಚುಕ್ಕೆ. ಕೆಲವೇ ನ್ಯಾನೊಮೀಟರ್ ಅಗಲದ ಅರೆವಾಹಕ ಹರಳು. ವಸ್ತು ಬದಲಿಸಬೇಕಿಲ್ಲ, ಗಾತ್ರ ಬದಲಿಸಿದರೆ ಬಣ್ಣ ಬದಲು. ಹರಳು ಕಿರಿದಾದಷ್ಟೂ ಒಳಗಿನ ಎಲೆಕ್ಟ್ರಾನಿಗೆ ಜಾಗ ಇಕ್ಕಟ್ಟು, ಹೊಮ್ಮುವ ಬೆಳಕಿಗೆ ಶಕ್ತಿ ಹೆಚ್ಚು. ಹಾಗಾಗಿ ಚಿಕ್ಕ ಹರಳು ಹಸಿರು, ದೊಡ್ಡದು ಕೆಂಪು. ನೀಲಿ ದೀಪದ ಮುಂದೆ ಇವೆರಡನ್ನೂ ಹರಡಿದ ಹಾಳೆ ಇಟ್ಟರೆ ಜರಡಿಗೆ ಬೇಕಾದ ಅಪ್ಪಟ ಕೆಂಪು ಸಿಗುತ್ತದೆ. ಈ ಚುಕ್ಕೆಗಳಿಗಾಗಿ ಮೌಂಗಿ ಬವೆಂಡಿ, ಲೂಯಿ ಬ್ರಸ್, ಅಲೆಕ್ಸೈ ಎಕಿಮೋವ್ ಅವರಿಗೆ 2023ರ ರಸಾಯನವಿಜ್ಞಾನದ ನೊಬೆಲ್ ಬಂತು.

ಹಿಂದಿನ ದೀಪವೇ ಬೇಡದ ಇನ್ನೊಂದು ಬಗೆಯ ಟಿವಿ ಓಎಲ್‌ಇಡಿ. ಅದರ ಹೆಚ್ಚುಗಾರಿಕೆ ಕಪ್ಪಿನಲ್ಲಿದೆ. ಅಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಾಗ ಪೂರ್ತಿ ಆರುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಸ್ವಲ್ಪ ಸೋರಿ ಅಮಾವಾಸ್ಯೆಯೂ ಬೂದಿ ಬಣ್ಣ. ಕತ್ತಲಲ್ಲಿನ ಕೆಂಪು ಸೀರೆಯೂ ಆ ಬೂದಿಯಲ್ಲಿ ಕಲಸಿಹೋಗುತ್ತದೆ. ಓಎಲ್‌ಇಡಿಯಲ್ಲಿ ಹಟ ಮಾಡುವುದು ಕೆಂಪಲ್ಲ, ನೀಲಿ. ಉಳಿದವಕ್ಕಿಂತ ಬೇಗ ಸವೆಯುತ್ತದೆ.

ಇಷ್ಟಾಗಿಯೂ, ಎಚ್‌ಡಿ ಪ್ರಸಾರದ ಮಾನದಂಡ ಕಣ್ಣಿಗೆ ಕಾಣುವ ಬಣ್ಣಗಳಲ್ಲಿ ಸುಮಾರು ಮೂರನೇ ಒಂದು ಪಾಲನ್ನಷ್ಟೇ ಒಳಗೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಬಲ್ಲ ಟಿವಿ, ಅಂಗಡಿಯಲ್ಲಿ ಗಿರಾಕಿಯನ್ನು ಸೆಳೆಯಲು ಬಣ್ಣಗಳನ್ನು ಜಗ್ಗಿ ಹಿಗ್ಗಿಸುತ್ತದೆ. ಕ್ರಿಕೆಟ್ ಮೈದಾನದ ಹುಲ್ಲು ಗಿಣಿಹಸಿರಾಗುತ್ತದೆ. ಮನೆಗೆ ತಂದ ಮೇಲೆ ಸಿನಿಮಾ ಮೋಡ್‌ಗೆ ಹಾಕಿ. ಒಂದೆರಡು ದಿನ ಸಪ್ಪೆ ಎನಿಸುತ್ತದೆ, ಮನೆಯವರು ಟಿವಿ ಕೆಟ್ಟಿದೆ ಎಂದೂ ಹೇಳಬಹುದು.