ತೆಂಗಿನ ಬುಡಕ್ಕೆ ಹಾಕಿದ ಉಪ್ಪು

ತೆಂಗು ಕಡಲದಂಡೆಯ ಮರ. ಒಳನಾಡಿನ ಊರು ದಬ್ಬೇಘಟ್ಟಕ್ಕೂ ಕಡಲಿಗೂ ನಡುವೆ ಇಡೀ ಪಶ್ಚಿಮ ಘಟ್ಟವೇ ಅಡ್ಡ ಇದೆ, ಕಡಲ ಉಪ್ಪು ಇಲ್ಲಿಗೆ ಅಷ್ಟಾಗಿ ತಲುಪದು. ಹಾಗಾಗಿ ಬುಡಕ್ಕೆ ಕಲ್ಲುಪ್ಪು ಹಾಕುವ ಹಳೆಯ ರೂಢಿಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ತೆಂಗಿಗೆ ಕ್ಲೋರಿನ್ ಬೇಕೇ ಬೇಕು. 1970ರ ದಶಕದ ಆರಂಭದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಪೊಟ್ಯಾಷ್ ಕೊಟ್ಟ ಮರಗಳ ಇಳುವರಿ ಯಾಕೆ ಏರಿತೆಂದು ಕೆದಕಿದಾಗ, ಪೊಟ್ಯಾಸಿಯಂಗಿಂತ ಅದರ ಜೊತೆ ಬಂದ ಕ್ಲೋರೈಡೇ ಕೆಲಸ ಮಾಡಿತ್ತೆಂದು ಗೊತ್ತಾಯಿತು. ಗರಿಯ ಉಸಿರುರಂಧ್ರಗಳು ಸರಿಯಾಗಿ ತೆರೆದು ಮುಚ್ಚಲು, ಬೇಸಿಗೆಯಲ್ಲಿ ಮರ ನೀರು ಹಿಡಿದಿಟ್ಟುಕೊಳ್ಳಲು ಅದು ಬೇಕು.

ಆದರೆ ನೀರು ತಾಗಿದ ಮೇಲೆ ಉಪ್ಪು ಉಪ್ಪಾಗಿ ಉಳಿಯುವುದಿಲ್ಲ. ಒಂದು ಕಿಲೋ ಉಪ್ಪು ಕರಗಿದರೆ ಸುಮಾರು 610 ಗ್ರಾಂ ಕ್ಲೋರೈಡ್, 390 ಗ್ರಾಂ ಸೋಡಿಯಂ ಬೇರೆಬೇರೆಯಾಗುತ್ತವೆ. ಜೇಡಿಯ ಕಣಗಳ ಮೇಲಿರುವುದು ಋಣ ವಿದ್ಯುದಂಶ. ಕ್ಲೋರೈಡಿನದೂ ಋಣವೇ ಆದ್ದರಿಂದ ಮಣ್ಣು ಅದನ್ನು ಹಿಡಿಯುವುದಿಲ್ಲ. ಜೋರು ಮಳೆ ಬಂದರೆ ಬೇರಿನಾಳ ದಾಟಿ ಇಳಿದುಹೋಗುತ್ತದೆ. ಧನಾಂಶದ ಸೋಡಿಯಂ ಮಾತ್ರ ಜೇಡಿಗೆ ಅಂಟಿ ಕೂರುತ್ತದೆ. ಕಣಗಳನ್ನು ಒಗ್ಗೂಡಿಸಿದ್ದ ಕ್ಯಾಲ್ಸಿಯಂ ಜಾಗ ಬಿಟ್ಟಷ್ಟೂ ಮಣ್ಣು ಬಿಚ್ಚಿಕೊಂಡು ರಂಧ್ರ ಮುಚ್ಚುತ್ತದೆ, ಪಾತಿಯಲ್ಲಿ ನೀರು ಇಂಗದೆ ನಿಲ್ಲುತ್ತದೆ. ಮರಳು ಮಿಶ್ರಿತ ಕೆಂಪು ನೆಲದಲ್ಲಿ ಈ ಕಾಟ ಕಡಿಮೆ. ಕೆರೆ ಕೆಳಗಿನ ಎರೆ ನೆಲದಲ್ಲಿ ಎಚ್ಚರ ಬೇಕು.

ಇನ್ನೊಂದು ಲೆಕ್ಕ. ಫಲ ಕೊಡುವ ಮರಕ್ಕೆ ವರ್ಷಕ್ಕೆ ಶಿಫಾರಸಾದ ಪೊಟ್ಯಾಷ್ ಗೊಬ್ಬರ ಸುಮಾರು 2 ಕಿಲೋ. ಅದು ಪೊಟ್ಯಾಸಿಯಂ ಕ್ಲೋರೈಡ್. ಅದರಲ್ಲೇ ಹತ್ತಿರಹತ್ತಿರ 900 ಗ್ರಾಂ ಕ್ಲೋರೈಡ್ ಸಿಗುತ್ತದೆ. ಅಷ್ಟು ಹಾಕಿದವರು ಉಪ್ಪಿನ ಚೀಲ ಹೊರುವುದು ದಂಡ ಎಂದೇ ನನ್ನ ಅಭಿಪ್ರಾಯ.

ನಾವು ಹಾಕದ ಉಪ್ಪೂ ಇದೆ. ಲೀಟರಿಗೆ 500 ಮಿಲಿಗ್ರಾಂ ಲವಣವಿರುವ ನೀರು ಕುಡಿಯಲೂ ಯೋಗ್ಯ ಎನ್ನುತ್ತದೆ ಭಾರತೀಯ ಮಾನಕ. ಅಂಥ ಬೋರ್ ನೀರನ್ನೇ ದಿನಕ್ಕೆ 50 ಲೀಟರಿನಂತೆ ನೂರು ದಿನ ಬಿಟ್ಟರೆ ಪಾತಿಗೆ ಎರಡೂವರೆ ಕಿಲೋ ಲವಣ ಬಿದ್ದಂತೆ. ಬೇರು ನೀರನ್ನು ಹೀರಿ ಲವಣದ ಬಹುಪಾಲನ್ನು ಹೊರಗೇ ಬಿಡುತ್ತದೆ. ಡ್ರಿಪ್ ಪೈಪಿನ ಬಾಯಲ್ಲಿ ಕಟ್ಟುವ ಬಿಳಿ ಪೊರೆ ಸಾಮಾನ್ಯವಾಗಿ ಸುಣ್ಣದ್ದು: ಗಡಸು ನೀರಿನ ಕ್ಯಾಲ್ಸಿಯಂ ಬೈಕಾರ್ಬೊನೇಟಿನೊಡನೆ ಸೇರಿ ಗಟ್ಟಿಯಾಗಿದೆ. ಹಾಗೆ ಕ್ಯಾಲ್ಸಿಯಂ ಕಳಚಿಕೊಂಡರೆ ನೀರಿನಲ್ಲಿ ಉಳಿದ ಸೋಡಿಯಂನ ಪಾಲು ಏರುತ್ತದೆ.

ಸೋಡಿಯಂ ಕೂತ ನೆಲಕ್ಕೆ ಜಿಪ್ಸಂ ಮದ್ದು. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಜೇಡಿಯಿಂದ ಎಬ್ಬಿಸುತ್ತದೆ. ಎದ್ದ ಸೋಡಿಯಂ ಕೆಳಕ್ಕಿಳಿಯಲು ಸಪ್ಪೆ ನೀರು ಬೇಕು, ಆದ್ದರಿಂದ ಮಳೆಗೆ ಮುಂಚೆ ಜಿಪ್ಸಂ ಹಾಕಿ, ನೀರು ಹರಿದುಹೋಗುವಂತೆ ಬಸಿಗಾಲುವೆ ತೋಡಿರಬೇಕು.