ಶಾಲೆಯ ಗಂಟೆ, ಹಟ್ಟಿಯ ಹೊತ್ತು

ಮೊಳಕಾಲ್ಮುರು ತಾಲ್ಲೂಕಿನ ಬಿ.ಜಿ. ಕೆರೆ ಮತ್ತು ನೆರೆಯ ಚಳ್ಳಕೆರೆ ಸೀಮೆಯ ಸರ್ಕಾರಿ ಶಾಲೆಗಳಿಗೆ ಮ್ಯಾಸಬೇಡ, ಕಾಡುಗೊಲ್ಲ ಮತ್ತು ದಲಿತ ಕುಟುಂಬಗಳಿಂದ ಬರುವ ಮಕ್ಕಳು ಬಹಳ. ಮಳೆಯನ್ನೇ ನಂಬಿದ ಶೇಂಗಾ ಬೇಸಾಯ, ಕುರಿ ಸಾಕಣೆ ಮತ್ತು ಕೂಲಿ ಈ ಮನೆಗಳ ಆಧಾರ. ಇಂಥ ಮನೆಯವರು ಪೋಷಕರ ಸಭೆಗೆ ಬಾರದಿದ್ದರೆ ಅದನ್ನು ನಿರಾಸಕ್ತಿಯೆಂದು ತೀರ್ಮಾನಿಸುವುದು ಸುಲಭ. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಬರುವ ತಾಯಿ ಅಂದಿನ ಕೂಲಿಯನ್ನು ಕಳೆದುಕೊಂಡೇ ಬರಬೇಕೆಂಬುದು ಆ ತೀರ್ಮಾನದ ಲೆಕ್ಕಕ್ಕೆ ಸೇರುವುದಿಲ್ಲ.

ಕಾನೂನಿನಲ್ಲಿ ಇವರಿಗೆ ಸ್ಥಾನವಿಲ್ಲವೆಂದಲ್ಲ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಕರ್ನಾಟಕ ಸರ್ಕಾರ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಪೋಷಕರೊಬ್ಬರೇ ಅಧ್ಯಕ್ಷರಾಗುವ, ಊರವರ ಬಾಯಲ್ಲಿ ಎಸ್‌ಡಿಎಂಸಿ ಎನಿಸಿಕೊಂಡ ಸಮಿತಿಗಳನ್ನು ರಚಿಸಿತು; 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ತಂದೆತಾಯಿ ಅಥವಾ ಪಾಲಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು, ಅವಕಾಶವಂಚಿತ ಸಮುದಾಯಗಳಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಸಿಗಬೇಕೆಂದು ವಿಧಿಸಿತು. ಹೀಗೆ ಕುರ್ಚಿಯನ್ನು ಕೊಟ್ಟ ಕಾಯ್ದೆ ಅದರಲ್ಲಿ ಕೂರಲು ಬೇಕಾದ ಬಿಡುವನ್ನು ಕೊಡಲಾರದು. ಶೇಂಗಾ ಕೀಳುವ ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ, ಮೇವು ತೀರಿದಾಗ ಕುರಿಗಾರರು ಮಂದೆಯೊಡನೆ ನೀರಾವರಿ ಸೀಮೆಗಳತ್ತ ಹೊರಟಿರುತ್ತಾರೆ. ಕೊನೆಗೆ ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕವೇ ಸಹಿಗೋ ಹೆಬ್ಬೆಟ್ಟಿಗೋ ಅವರ ಮನೆಬಾಗಿಲಿಗೆ ಬರುವುದೂ ಉಂಟು.

ಓದು ಬಾರದವರಿಗೆ ಶಾಲೆಯ ವಿಷಯ ಏನು ತಿಳಿದೀತೆಂಬ ಅನುಮಾನ ಪೋಷಕರನ್ನು ಇನ್ನಷ್ಟು ಹಿಂದೆ ಸರಿಸುತ್ತದೆ, ಮತ್ತು ಈ ಅನುಮಾನ ಶಿಕ್ಷಕರಿಗಿಂತ ಹೆಚ್ಚಾಗಿ ಪೋಷಕರಲ್ಲೇ ಬೇರುಬಿಟ್ಟಿರುತ್ತದೆ. ಆದರೆ ಬಿಸಿಯೂಟದ ಅಕ್ಕಿ ಹಸನಾಗಿದೆಯೇ, ಸಾರಿನಲ್ಲಿ ಬೇಳೆಯಿದೆಯೇ ಎಂಬುದನ್ನು ಅಡುಗೆ ಬಲ್ಲ ತಾಯಿಗಿಂತ ಚೆನ್ನಾಗಿ ಯಾವ ಅಧಿಕಾರಿ ಹೇಳಬಲ್ಲನು? ರಾತ್ರಿ ಕುರಿಗಳನ್ನು ಕೂಡುವ ಬೇಲಿಯ ಆವರಣವಾದ ರೊಪ್ಪದಲ್ಲಿ ದಿನವೂ ತಲೆಯೆಣಿಸುವವರಿಗೆ ತರಗತಿಯ ಹಾಜರಿ ಕಷ್ಟದ ಲೆಕ್ಕವಲ್ಲ. ಮಕ್ಕಳ ಕಲಿಕೆಯನ್ನು ಪೋಷಕರ ಎದುರೇ ತೆರೆದಿಡಲು ರಾಜ್ಯದಲ್ಲಿ ನಡೆದ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಹಿಂದಿದ್ದುದೂ ಇಂಥದೇ ನಂಬಿಕೆ. ಗಟ್ಟಿಯಾಗಿ ಓದುವ ಮಗು ತಡವರಿಸಿದರೆ ಅಕ್ಷರ ಬಾರದ ಕಿವಿಗೂ ಅದು ತಿಳಿಯುತ್ತದೆ.

ಕರೆಯುವ ರೀತಿ ಬದಲಾಗಬೇಕಾದದ್ದು ಇಲ್ಲಿಯೇ: ಸಭೆ ಸಂಜೆ ಹಟ್ಟಿಯ ಕಟ್ಟೆಯ ಮೇಲೆ ಸೇರಬಹುದು, ಮನೆಮಾತು ತೆಲುಗಾಗಿರುವ ಗಡಿಯ ಹಟ್ಟಿಗಳಲ್ಲಿ ಆ ಮಾತಿನಲ್ಲೂ ನಡೆಯಬಹುದು. ಮಂದೆಯೊಡನೆ ತಂದೆತಾಯಿ ಹೊರಟ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು ಅಜ್ಜಿ. ಮಗುವಿನ ಪಾಲನೆ ಹೊತ್ತವರನ್ನೂ ಕಾಯ್ದೆ ಪಾಲಕರೆಂದೇ ಕರೆಯುವುದರಿಂದ, ಸಭೆಯ ಕರೆ ಆ ಅಜ್ಜಿಯ ಹೆಸರಿಗೇ ಹೋಗಬಹುದು.